ತೂಕದ ಮನೆಯ ಯಂತ್ರ

ಹಂಗಾಮು ಶುರುವಾಗಲು ಇನ್ನು ನಾಲ್ಕು ದಿನ.
ಮಂಡ್ಯದ ಈ ಸಕ್ಕರೆ ಕಾರ್ಖಾನೆಯ ನೂರಾ ನಲವತ್ತು ಕಂಪ್ಯೂಟರು
ಒಂದೇ ಮಾತು ಕೇಳಬೇಕೆಂದು ಆದೇಶ:
ಪೆನ್‌ಡ್ರೈವಿನಿಂದ ಏಳಕೂಡದು,
ಕರೆಂಟು ಹೋಗಿ ಬಂದರೆ ತಾನಾಗಿ ಏಳಬೇಕು,
ಒಳಮನೆಯ ಬಾಗಿಲಿಗೆ ಹೊಸ ಪಾಸ್‌ವರ್ಡು,
ಅದು ನನಗೂ ಬೀರುವಿನ ಲಕೋಟೆಗೂ ಮಾತ್ರ ಗೊತ್ತು.

ಮೊದಲಾದರೆ ಮೇಜಿಂದ ಮೇಜಿಗೆ ಹೋಗಿ
ಎಫ್ ಟೂ ಕುಟ್ಟುತ್ತಿದ್ದೆ,
ಲೋಗೋ ಮೂಡಿ ಮಾಯವಾಗುವ ಎರಡೇ ಸೆಕೆಂಡಿನಲ್ಲಿ,
ಹೊರಟ ಬಸ್ಸಿನ ಕಂಬಿ ಹಿಡಿದ ಹಾಗೆ.
ತಪ್ಪಿದರೆ ಮತ್ತೆ ಆರಿಸು, ಮತ್ತೆ ಹಚ್ಚು.
ಆ ನೀಲಿ ಪರದೆಯಲ್ಲಿ ಮೌಸು ನಡೆಯುವುದಿಲ್ಲ.
ಬಾಣದ ಕೀಲಿ ಒತ್ತಿ ಒತ್ತಿ ಇಳಿಯಬೇಕು,
ಕಲ್ಯಾಣಿಯ ಮೆಟ್ಟಿಲು ಇಳಿದಂತೆ.

ಈಗ ಟೂಲು ಬಂದಿದೆ.
ಒಂದು ಯಂತ್ರವನ್ನು ತಿದ್ದಿ ತೀಡಿ ಅದರ ಜಾತಕ ಬರೆಸಿ
ಉಳಿದವಕ್ಕೆಲ್ಲ ಅದನ್ನೇ ಹಂಚಿದರಾಯಿತು.
(ಎಲ್ಲರಿಗೂ ಒಂದೇ ಜಾತಕ! ನಮ್ಮ ಸೋದರತ್ತೆಗೆ ಗೊತ್ತಾಗಿದ್ದರೆ
ನನಗೆ ಗಂಡು ಹುಡುಕಿ ಚಪ್ಪಲಿ ಸವೆಸುತ್ತಿರಲಿಲ್ಲ.)

ಸಂಜೆ ಆರೂಕಾಲಕ್ಕೆ, ಮಹಡಿಯವರೆಲ್ಲ ಹೋದಮೇಲೆ,
ಗುಂಡಿ ಒತ್ತಿದೆ.
ಕತ್ತಲ ಕೋಣೆಗಳಲ್ಲಿ ಒಂದೊಂದೇ ಫ್ಯಾನು ಗೊರಗುಟ್ಟಿತು.
ಲೆಕ್ಕಪತ್ರ. ಸಂಬಳ. ಕಬ್ಬು ವಿಭಾಗ.
ನನ್ನ ಪರದೆಯ ತುಂಬ ಹಸಿರು, ಹಸಿರು,
ವಿ.ಸಿ. ನಾಲೆಗೆ ನೀರು ಬಿಟ್ಟ ತಿಂಗಳಿಗೆ
ಗದ್ದೆಬಯಲು ಕಾಣುವ ಹಾಗೆ.
ನೂರಾ ಮೂವತ್ತೊಂಬತ್ತು.

ಒಂದು ಕೆಂಪು.
ತೂಕದ ಮನೆ. ಉತ್ತರವಿಲ್ಲ.

ಟಾರ್ಚು ಹಿಡಿದು ಹೋದೆ.
ಗೇಟಿನ ಪಕ್ಕ, ಲಾರಿಯಿಲ್ಲದ ತೂಕದ ಹಾಸು
ಆಷಾಢದ ಗಾಳಿಯನ್ನು ತೂಗುತ್ತಿತ್ತು.
ಒಳಗೆ ಸಣ್ಣಬೋರಯ್ಯ, ಬುತ್ತಿ ಡಬ್ಬಿ ಕಟ್ಟುತ್ತಿದ್ದವರು,
ಎದ್ದು ನಿಂತರು.
ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ:
ಗಡಿಯಾರ ಹೊಂದಿಸಿಲ್ಲ, ಮುಂದುವರಿಯಲು ಎಫ್ ಒನ್ ಒತ್ತಿ.
ತಾರೀಖು, ಎರಡು ಸಾವಿರದ ಒಂಬತ್ತು ಜನವರಿ ಒಂದು.

‘ಬಯ್ಯಬ್ಯಾಡಿ ಕಣವ್ವ’ ಅಂದರು.
‘ಆರು ವರ್ಸದಿಂದ ಇಂಗೇ ಅದೆ.
ರಾತ್ರಿ ಮನಗಿ ಎದ್ರೆ ಇದುಕ್ಕೆ ಎಲ್ಲಾ ಮರ್ತೋಗಿರ್ತದೆ.
ದಿನಾ ಏಳೂವರೆಗೆ ಬಂದು ಬುಡುಕ್ಕೆ ಇಳ್ದು
ಇವತ್ತು ಇಂತಾ ದಿನ, ಇಷ್ಟೊತ್ತು, ಅಂತ ಯೋಳ್ಕೊಡ್ತೀನಿ.
ಆಮ್ಯಾಕೆ ಸರ್ಯಾಗಿ ತೂಗ್ತದೆ.’

ಬುಡ. ಬಯಾಸ್ ಎಂಬ ಪದ
ನನ್ನ ನಾಲಗೆಯ ತುದಿಯಲ್ಲಿದ್ದದ್ದು ಒಳಗೇ ಹೋಯಿತು.

ಯಾರಿಗೂ ಹೇಳಲಿಲ್ಲವೇ?
‘ಯೋಳಿದ್ರೆ ಒತ್ಕಂಡೋಯ್ತರೆ. ಹೊಸದು ಬರಗಂಟ
ಲಾರಿಯೋರು ನನ್ನ ತಲೆ ತಿಂತರೆ.
ಒಂದೇ ದಿನ ರಜಾ ಆಕಿದ್ದೆ, ಮಗಳ ಹೆರಿಗೆ.
ಬದಲಿ ಹುಡುಗ ಎಫ್ ಒನ್ ಒತ್ಬುಟ್ಟವ್ನೆ.
ಅವತ್ತಿನ ಮುನ್ನೂರು ಚೀಟಿ
ಇವತ್ತೂ ಎರಡು ಸಾವಿರದ ಒಂಬತ್ತರಲ್ಲೇ ಅವೆ.’

ಪೆಟ್ಟಿಗೆ ಬಿಚ್ಚಿದೆ. ಜೇಡದ ಬಲೆ, ಬೆಲ್ಲದಂಥ ಧೂಳು,
ನಾಣ್ಯದಗಲ ಒಂದು ಸತ್ತ ಬ್ಯಾಟರಿ.
ಹೊಸದು ಬ್ಯಾಗಿನಲ್ಲೇ ಇತ್ತು. ಅರವತ್ತು ರೂಪಾಯಿ.

‘ಕೊನೇ ಸಲ ನೀವೇ ಹೇಳಿಕೊಡಿ’ ಎಂದೆ.
ಕೈಗಡಿಯಾರ ಬಿಚ್ಚಿ ಕೀಬೋರ್ಡಿನ ಮೇಲಿಟ್ಟರು.
ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೂ ಕಾದು
ಎಂಟರ್ ಒತ್ತಿದರು, ಹಾಲಿನ ಪಾತ್ರೆ ಇಳಿಸುವಷ್ಟು ಮೆಲ್ಲಗೆ.
ಆಮೇಲೆ ನಾನು ಜಾತಕ ಹಾಕಿದೆ, ಬೀಗ ಹಾಕಿದೆ.

‘ನಾಳಿಂದ ಅದೇ ನೆನಪಿಟ್ಕತದಾ?’
ಇಟ್ಕೊಳ್ಳುತ್ತೆ.
‘ಅಂಗಾರೆ ಕೆರಗೋಡಿನ ಎಂಟರ ಬಸ್ಸಿಗೆ ಬರ್ಬೋದು,
ಸೀಟು ಸಿಗ್ತದೆ’ ಎಂದು ನಕ್ಕರು.

ಮಾರನೆಯ ಬೆಳಿಗ್ಗೆ ದಾಖಲೆ ತೆರೆದೆ.
ನೂರಾ ನಲವತ್ತೂ ಹಸಿರು.
ಕೆಳಗೆ ಒಂದು ಸಾಲು:
ತೂಕದ ಮನೆ, ಏಳು ಮೂವತ್ತೆರಡು,
ಒಳಮನೆಯ ಬಾಗಿಲಲ್ಲಿ ತಪ್ಪು ಪಾಸ್‌ವರ್ಡು, ಒಂದು ಸಲ.

ವರದಿಯಲ್ಲಿ ಬರೆಯಬೇಕಿತ್ತು.
ಚಹಾ ಬಂತು. ಕುಡಿದೆ.