ಮಾರಿ ಕಾಣದ ಕಲಾಯಿ

ಜುಬೈಲಿನ ಹಿಂದಿನ ಸಾಲು ಶೆಡ್ಡುಗಳಲ್ಲಿ ರಾತ್ರಿ ಪಾಳಿ.
ತೊಟ್ಟಿಯಲ್ಲಿ ನಿಕಲ್ ದ್ರಾವಣ,
ಗಿಳಿಯ ಬೆನ್ನಿನಷ್ಟು ಹಸಿರು,
ಐವತ್ತೈದು ಡಿಗ್ರಿಯಲ್ಲಿ ಹಬೆಯಾಡುತ್ತ ಮಲಗಿದೆ.
ಕೊಕ್ಕೆಗೆ ಸಿಕ್ಕಿಸಿ ತಾಮ್ರದ ಕೊಳವೆಯನ್ನು ಇಳಿಬಿಡುತ್ತೇನೆ.
ಸ್ವಿಚ್ಚು. ಮೀಟರಿನ ಮುಳ್ಳು ನಡುಗಿ ನಿಲ್ಲುತ್ತದೆ.
ಇನ್ನು ಹದಿನೆಂಟು ನಿಮಿಷ ನನಗೇನೂ ಕೆಲಸವಿಲ್ಲ.

ಅಪ್ಪ ಹಟೇಲಸಾಬ, ಸವಣೂರಿನ ಕಲಾಯಿಗಾರ.
ತಿದಿ, ಇದ್ದಿಲು, ಕಣ್ಣುರಿಸುವ ನವಸಾಗರದ ಹೊಗೆ,
ಒಂದು ಹಿಡಿ ಅರಳೆ.
ಕಾದ ಕೊಳಗದೊಳಗೆ ತವರದ ಕಡ್ಡಿ ಒಮ್ಮೆ ಎಳೆದು
ಅರಳೆಯಲ್ಲಿ ಒರೆಸಿದನೆಂದರೆ
ಹಿತ್ತಾಳೆಯ ಹೊಟ್ಟೆಯೊಳಗೆ ಬೆಳ್ದಿಂಗಳು.
“ಮಾರಿ ಕಾಣಬೇಕ ನೋಡ್ರೆವಾ,
ಕಾಣ್ಲಿಲ್ಲಂದ್ರ ರೊಕ್ಕ ಬ್ಯಾಡ.”

ಮೊದಲ ತಿಂಗಳು ನನ್ನ ತುಂಡುಗಳಲ್ಲೂ ಮಾರಿ ಕಾಣುತ್ತಿತ್ತು.
ಸುಡಾನಿನ ಇಂತಿಸಾರ್ ಮೇಡಂ ಒಂದೊಂದೇ ಎತ್ತಿ,
ದೀಪಕ್ಕೆ ಹಿಡಿದು,
ಒಂದೊಂದೇ ರದ್ದಿ ಡಬ್ಬಿಗೆ ಹಾಕಿದರು. ಠಣ್. ಠಣ್.
ಹೊಳೆದರೆ ಸೋತಿತು, ಅಂದರು ಮುರುಕು ಹಿಂದಿಯಲ್ಲಿ.
ಇಲ್ಲಿ ಬೇಕಾದ್ದು ಮುಳ್ಳು,
ಸಾವಿರ ಒತ್ತಿ ನಿಂತರೂ ಒಂದು ಕೂದಲ ದಪ್ಪ ಮೀರದ ಮುಳ್ಳು,
ಮುಳ್ಳುಗಳ ನಡುವೆ ಸಿಕ್ಕಿಬಿದ್ದ ಗಾಳಿ.
ನೀರು ಬಂದರೆ ಅದಕ್ಕೆ ಕಾಲೂರಲು ನೆಲವೇ ಇರಬಾರದು.

ಕರೆಂಟು ಏರಿಸಿದೆವು, ಇಳಿಸಿದೆವು,
ಯಾವುದೋ ಉಪ್ಪು ಚಿಟಿಕೆ ಚಿಟಿಕೆ ಸೇರಿಸಿದೆವು.
ಕೊನೆಗೊಂದು ದಿನ ಮೇಲೆ ಬಂದದ್ದು
ರೊಟ್ಟಿ ಹಂಚಿನ ತಳದಂಥ ಕಪ್ಪು ತುಂಡು.
ಸಹಿ ಮಾಡಿ, ಬೀಗ ತೆಗೆಸಿ ತಂದ ಸ್ಪಿರಿಟ್ಟಿನಲ್ಲಿ
ಕೊಬ್ಬಿನ ಆಮ್ಲ ಕರಗಿಸಿ ಅದ್ದಿ, ಒಣಗಿಸಿ,
ಸಿರಿಂಜಿನಿಂದ ಒಂದು ಹನಿ ಬಿಟ್ಟರು.
ಹನಿ ನಿಂತಿತು, ಗುಂಡಗೆ,
ಪರಮನೆಗೆ ಬಂದ ನೆಂಟನ ಹಾಗೆ ಅತ್ತಿತ್ತ ನೋಡಿತು,
ಒಂದು ಧೂಳಿನ ಕಣ ಹೆಗಲಿಗೆ ಹಾಕಿಕೊಂಡು
ಉರುಳಿ ಹೋಯಿತು.

ಮೇಡಂ ಕುರ್ಚಿಯ ಮೇಲೆ ಕೂತುಬಿಟ್ಟರು.

ಇದು ಕಡಲು ಕಾಸುವ ಕಾರ್ಖಾನೆಗೆ ಹೋಗುವ ಮಾಲು.
ಆವಿ ಬಂದು ತಣ್ಣನೆ ಕೊಳವೆಗೆ ಬಡಿದರೆ
ನುಣ್ಣನೆಯದು ನೀರನ್ನೇ ಕೌದಿಯಂತೆ ಹೊದ್ದು ಬೆಚ್ಚಗಾಗುತ್ತದೆ;
ಇದು ಹೊದೆಯುವುದಿಲ್ಲ, ಹನಿ ಹನಿಯಾಗಿ ಕೆಡವುತ್ತದೆ.
ನೀರು ಒಲ್ಲೆನ್ನುವ ಲೋಹ ಹೆಚ್ಚು ನೀರು ಕೊಡುತ್ತದಂತೆ.
ನಾನು ನಂಬಲಿಲ್ಲ.
ಅಳತೆಯ ಬಾಟಲಿ ಮೊದಲೇ ತುಂಬಿತು.

ಒಂದೇ ತಾಪತ್ರಯ, ಮುಟ್ಟುವಂತಿಲ್ಲ.
ಬೆರಳು ಎಳೆದರೆ ಮುಳ್ಳು ಮಲಗುತ್ತವೆ,
ಅಲ್ಲಿ ನೀರು ಅಂಟುತ್ತದೆ.
ಅಪ್ಪನಾಗಿದ್ದರೆ ಅರಳೆ ಹಿಡಿದು
ಎರಡು ನಿಮಿಷದಲ್ಲಿ ಹೊಳೆಯಿಸಿ ಹಾಳು ಮಾಡುತ್ತಿದ್ದ.
ಸಿಟ್ಟಾಗುತ್ತಿದ್ದ ಕೂಡ:
ಮಾರಿ ಕಾಣದ್ದಕ್ಕ ಪಗಾರ ಕೊಡ್ತಾರೇನಲೇ?

ಫಜ್ರ್ ಬಾಂಗಿನ ಹೊತ್ತು.
ಶೆಡ್ಡಿನ ಹಿಂದೆ ನಳ, ಬಿಸಿಲಾರದ ಟ್ಯಾಂಕು,
ಈ ಹೊತ್ತಿಗೂ ನೀರು ಉಗುರುಬೆಚ್ಚಗೆ.
ಉಗುರಿಗೆ ಮೆತ್ತಿದೆ ಮರೆಮಾಡುವ ಲ್ಯಾಕರು,
ನಿಕಲ್ ಕೂರಬಾರದ ಕಡೆ ನಾವು ಬಳಿಯುವಂಥದ್ದು.
ಅದರಡಿ ಸಾಸಿವೆಯಷ್ಟು ಜಾಗ ಒಣಗಿ ಉಳಿದರೂ
ವಜೂ ಆಗುವುದಿಲ್ಲ.
ಬ್ಲೇಡಿನಿಂದ ಕೆರೆದು ಕೈ ಒಡ್ಡುತ್ತೇನೆ.
ಮುಂಗೈ ತೊಯ್ಯುತ್ತದೆ, ಆಮ್ಲ ಸುಟ್ಟ ಬಿರುಕುಗಳಿಗೆ
ನೀರು ಕೇಳದೆ ಇಳಿಯುತ್ತದೆ, ಚುರುಗುಡುತ್ತದೆ.

ಕಿರುಬೆರಳಿನ ತುದಿಯಲ್ಲಿ
ಒಂದು ಹನಿ ಇನ್ನೂ ಗುಂಡಗೆ ನಿಂತಿದೆ.
ಬ್ಲೇಡು ಮತ್ತೆ ತೆಗೆಯುತ್ತೇನೆ.