ಮೂರು ಗಂಟಿನ ನೀಲಿ ದಾರ

ಗುವಾಲಸೆಯೋದಲ್ಲಿ ಮಂಜು ಮೇಲಿಂದ ಇಳಿಯುವುದಿಲ್ಲ,
ಕೆಳಗಿನ ಹೊಳೆಯಿಂದ ಹತ್ತಿ ಬರುತ್ತದೆ,
ಮೊಣಕಾಲು ಹಿಡಿದುಕೊಂಡು, ಮುದುಕಿಯ ಹಾಗೆ.
ಅದು ಬಂದ ಮೇಲೆಯೇ ನಾನು
ನೆರಳುಬಲೆಯ ಬಾಗಿಲು ತೆಗೆಯುವುದು.

ಬುಟ್ಟಿಗಳೆಲ್ಲ ತಲೆಯ ಮೇಲೆ ತೂಗುತ್ತವೆ.
ಈ ಜಾತಿಯ ಆರ್ಕಿಡ್ ಬುಟ್ಟಿಯ ತಳ ಸೀಳಿಕೊಂಡು
ಕೆಳಮುಖವಾಗಿ ಹೂಬಿಡುತ್ತದೆ.
ಮೊದಲ ವರ್ಷ ತಿಳಿಯದೆ ಕುಂಡದಲ್ಲಿಟ್ಟಿದ್ದೆ,
ಮೊಗ್ಗೆಲ್ಲ ಒಳಗೇ ಕೊಳೆತವು.
ಅಪ್ಪ ನಕ್ಕಿದ್ದ:
“ಇದಕ್ಕೆ ಆಕಾಶ ತೋರಿಸಬೇಡ ಸೊಯ್ಲಾ, ಪಾತಾಳ ತೋರಿಸು.”

ಮೂರು ಬಾಲ, ನಡುವೆ ಕೋತಿಯ ಮುಖ,
ಬಾಯಿರುವಲ್ಲಿ ಅಣಬೆಯ ಗೆರೆಗೆರೆ ಹೊಟ್ಟೆ.
ಮೂಗಿಟ್ಟರೆ ಅಣಬೆಯದೇ ವಾಸನೆ.
ಸಣ್ಣ ನೊಣಗಳು ಮೋಸಹೋಗುತ್ತವೆ.
ವರ್ಷಕ್ಕೊಮ್ಮೆ ಹ್ಯಾಂಬರ್ಗಿನಿಂದ ಬಂದು
ಡೀಟ್ಮಾರನೂ ಹೋಗುತ್ತಾನೆ.

ಅವನು ಹೂವಿಗಿಂತ ಮೊದಲು ಚೀಟಿ ನೋಡುವವನು.
ಯಾವ ಕುಲ, ಯಾವ ಕಣಿವೆ, ಎಷ್ಟು ಎತ್ತರ.
ಬೆರಕೆಯಾದರೆ ತಾಯಿಯ ಹೆಸರು ಮೊದಲು,
ನಡುವೆ ಗುಣಾಕಾರದ ಗುರುತು, ಆಮೇಲೆ ತಂದೆ
(ನಮ್ಮ ಚರ್ಚಿನ ಪುಸ್ತಕದಲ್ಲಿ ತಂದೆಯೇ ಮೊದಲು).
ಸೀಸದಕಡ್ಡಿಯಲ್ಲೇ ಬರೆಯುತ್ತೇನೆ;
ಶಾಯಿಯನ್ನು ಮಂಜು ಒಂದೇ ತಿಂಗಳಲ್ಲಿ ನೆಕ್ಕಿಬಿಡುತ್ತದೆ.
ಚೀಟಿಯಿದ್ದರೆ ಎಂಬತ್ತು ಡಾಲರ್.
ಚೀಟಿ ಬಿದ್ದುಹೋದದ್ದು, ಅದೇ ಹೂವು, ಅದೇ ಕೋತಿ,
ಭಾನುವಾರದ ಸಂತೆಯಲ್ಲಿ
ಹುರಿದ ಹಂದಿಮಾಂಸದ ಪಕ್ಕ, ಮೂರು ಡಾಲರ್.

ಅಪ್ಪನಿಗೆ ಅಕ್ಷರ ಬಾರದು.
ಆಗೆಲ್ಲ ಕೊಡಲಿ ಹಿಡಿದು ಕಾಡು ಹೊಗುತ್ತಿದ್ದ,
ಕೊಂಬೆಯ ಮೇಲಿನ ಹೂವಿಗೆ ಮರವನ್ನೇ ಕೆಡವುತ್ತಿದ್ದ,
ಮೂಟೆ ಲೆಕ್ಕದಲ್ಲಿ ಮಾರುತ್ತಿದ್ದ.
ಅವನು ಮುಚ್ಚಿಟ್ಟಿಲ್ಲ, ನಾನೇಕೆ ಮುಚ್ಚಿಡಲಿ,
ನನ್ನ ಶಾಲೆಯ ಬೂಟು ಆ ಮೂಟೆಯಿಂದಲೇ ಬಂದದ್ದು.
ಗುರುತಿಗೆ, ಅಮ್ಮ ಶಾಲು ನೇಯ್ದು ಉಳಿದ
ದಾರದ ತುಂಡು ಕಟ್ಟುತ್ತಿದ್ದ:
ಕೆಂಪಾದರೆ ಸೇತುವೆಯಾಚೆ,
ಕಪ್ಪಾದರೆ ಪಾದ್ರಿಯ ಜಮೀನಿನ ಮೇಲ್ಗಡೆ.
ನೀಲಿ ಒಂದೇ ಒಂದು ಗಿಡಕ್ಕೆ.
ಮೂರು ಗಂಟು.

ಅದು ಈಗ ಮೂಲೆಯಲ್ಲಿದೆ, ನೀರಿನ ಡ್ರಮ್ಮಿನ ಹಿಂದೆ.
ಬಿಳಿ, ಹಿಂದಿನ ಬೆರಳು ಕಾಣುವಷ್ಟು ತೆಳು.
ಗೇಣುದ್ದ ಬಾಲ. ಮುಖದಲ್ಲಿ ಒಂದು ಚುಕ್ಕೆಯೂ ಇಲ್ಲ.
ಕೋತಿಯೆನ್ನಲು ಬಾಯಿ ಬಾರದು,
ಯಾರೋ ಆಗತಾನೆ ಮುಖ ತೊಳೆದು
ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿರುವ ಹಾಗೆ.

ಡೀಟ್ಮಾರ್ ಮಂಡಿಯೂರಿದ.
ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ.
“ಎಲ್ಲಿಯದು?”
ಬೆಂಚಿನ ಮೇಲೆ ಜೋಳ ಬಿಡಿಸುತ್ತಿದ್ದ ಅಪ್ಪ
ಗದ್ದದಿಂದ ಪೂರ್ವ ತೋರಿಸಿದ,
ಸ್ವಲ್ಪ ಯೋಚಿಸಿ ದಕ್ಷಿಣ,
ಕೊನೆಗೆ ನಮ್ಮ ಕಕ್ಕಸು.
“ಮರೆತೆ” ಅಂದ.
ಡೀಟ್ಮಾರ್ ಬೆಲೆ ಏರಿಸಿದ.
ಅಪ್ಪನ ಮರೆವೂ ಏರಿತು.

ಆ ವಾರವೇ ಹಲ್ಲುಕಡ್ಡಿಯ ತುದಿಯಲ್ಲಿ
ನೀಲಿ ದಾರದವನ ಪರಾಗ ಎತ್ತಿ
ಚೀಟಿಯುಳ್ಳ ಒಬ್ಬಳಿಗೆ ಮುಟ್ಟಿಸಿದೆ.
ತಿಂಗಳುಗಟ್ಟಲೆ ಕಾದೆ. ಕಾಯಿ ಬಲಿತು ಹಳದಿಯಾಯಿತು.
ಒಳಗಿದ್ದದ್ದು ಬೀಜವಲ್ಲ, ಧೂಳು;
ನಮ್ಮೂರಿನ ಜನಸಂಖ್ಯೆಗಿಂತ ಹೆಚ್ಚು ಧೂಳು,
ಒಂದಕ್ಕೂ ತಾಯಿ ಬುತ್ತಿ ಕಟ್ಟಿ ಕಳಿಸಿರಲಿಲ್ಲ.
ಬಾಳೆಹಣ್ಣು ಅರೆದು, ಸಕ್ಕರೆ ಬೆರೆಸಿ,
ಬಾಟಲಿಯೊಳಗೆ ಬುತ್ತಿ ನಾನೇ ಕಟ್ಟಿದೆ,
ಉಸಿರು ಬಿಗಿಹಿಡಿದು ಬಿತ್ತಿದೆ;
ಒಮ್ಮೆ ಕೆಮ್ಮಿದರೆ ಬರೀ ಬೂಷ್ಟಿನ ಬೆಳೆ.

ಲಂಡನ್ನಿನ ನೋಂದಣಿಯವರು
ತಂದೆ ಯಾರೆಂದು ತಿಳಿಯದ್ದನ್ನು ಬರೆದುಕೊಳ್ಳುವುದಿಲ್ಲ.

ರಾತ್ರಿ ಆಲೂಗಡ್ಡೆಯ ಸಾರು ಬಡಿಸಿ ಕೇಳಿದೆ:
ಮೂರು ಗಂಟು ಅಂದರೆ ಮೂರು ದಿನದ ದಾರಿಯಾ?
“ಮೂರು ಗಿಡ ಇದ್ದವು,” ಅಂದ.
“ಕೊಡಲಿ ಕೆಳಗಿಟ್ಟು ಮರ ಹತ್ತಿದ್ದು ಅದೊಂದೇ ಸಲ.
ಯಾಕೆಂದು ಕೇಳಬೇಡ.
ಎರಡನ್ನು ಬಿಟ್ಟು ಬಂದೆ.”
ಎಲ್ಲಿ?
ಚಮಚ ನೆಕ್ಕಿದ.
“ಉಪ್ಪು ಕಡಿಮೆ.”

ಬಾಟಲಿಗಳಲ್ಲಿ ಈಗ ಹಸಿರು ಕಾಣುತ್ತಿದೆ, ಸಾಸಿವೆಯ ಅರ್ಧ.
ಚೀಟಿಯಲ್ಲಿ ತಾಯಿಯ ಹೆಸರು ಬರೆದೆ,
ಗುಣಾಕಾರ ಹಾಕಿದೆ,
ಮುಂದಿನ ಜಾಗದಲ್ಲಿ ತೂತು ಕೊರೆದು
ಅಮ್ಮನ ಡಬ್ಬಿಯ ನೀಲಿ ದಾರ ಕಟ್ಟಿದೆ.
ನಲವತ್ತು ಬಾಟಲಿಗೆ ಸಾಲಲಿಲ್ಲ.
ಪೇಟೆಯ ನೀಲಿ ಬೇರೆಯೇ ನೀಲಿ.
ಕೊನೆಯ ಆರಕ್ಕೆ ತೂತು ಮಾತ್ರ ಇದೆ.