ಮೊಣಕಾಲುದ್ದ ಎಲೆ

ಗಾದಿಲಿಂಗ ತಾತನ ಕತೆಯಲ್ಲಿ ಕರಡಿ
ವರ್ಷಕ್ಕೊಂದು ಗೇಣು ಬೆಳೆಯುತ್ತಿತ್ತು.
ನಾನು ಮೊದಲು ಕೇಳಿದಾಗ ಅದಿನ್ನೂ ಮರಿ;
ನನ್ನ ಮದುವೆಯ ಹೊತ್ತಿಗೆ
ಸಂಡೂರಿನ ಗವಿಯೊಂದರಲ್ಲೂ ಹಿಡಿಸುತ್ತಿರಲಿಲ್ಲ.

ರಾಮಗಡದ ಕಾಡಲ್ಲಿ ದಾರಿ ತಪ್ಪಿದ್ದು
ಒಮ್ಮೆ ಒಂದು ರಾತ್ರಿ, ಒಮ್ಮೆ ಮೂರು.
ಜೇನು ಬಿಡಿಸಲು ಹೋಗಿದ್ದನೋ,
ತಪ್ಪಿಸಿಕೊಂಡ ಎಮ್ಮೆ ಹುಡುಕಲೋ,
ಅದೂ ಕೇಳುವವರ ಮುಖ ನೋಡಿ.

ಎಲೆಯ ಅಳತೆ ಮಾತ್ರ ಬದಲಾಗಲಿಲ್ಲ.
"ಮೈಮೇಲೆ ಎಷ್ಟು ಹೊದ್ದರೇನು ಮಗಾ,
ಕಲ್ಲು ಕೆಳಗಿಂದ ಕಾವು ಕುಡೀತೈತಿ.
ಒಣ ತರಗು ಹಾಸು, ಮೊಣಕಾಲುದ್ದ.
ಮಲಗಿದರೆ ಗೇಣಿಗೆ ಇಳೀತೈತಿ, ಅಷ್ಟು ಸಾಕು.
ಹಳ್ಳದ ಮಗ್ಗುಲು ಬ್ಯಾಡ; ಚಳಿ ಸೈತ
ನೀರಿನಂಗ ತಗ್ಗಿಗೆ ಹರೀತೈತಿ.
ಕಡ್ಡಿಪೆಟ್ಟಿಗೆ ರುಮಾಲಿನಾಗ ಇರಲಿ,
ಕಿಸೆಯಾಗಲ್ಲ."

ಈಗ ನಾನು ಅದಿರಿನ ಲಾರಿ ತೂಗುವ ಕಟ್ಟೆಯಲ್ಲಿ
ರಾತ್ರಿ ಪಾಳಿಯ ಕಾವಲು.
ದೀಪಾವಳಿ ಮುಗಿದ ವಾರವೇ
ಕಬ್ಬಿಣದ ಕುರ್ಚಿಗೆ ಗೋಣಿಚೀಲ,
ಅದರೊಳಗೆ ಶೇಂಗಾ ಹೊಟ್ಟು,
ಕಾಲಡಿಗೆ ಇನ್ನೊಂದು ಚೀಲ,
ಟೋಪಿಯೊಳಗೆ ಕಡ್ಡಿಪೆಟ್ಟಿಗೆ.
ಹೊಸ ಹುಡುಗ ತಿಪ್ಪೇಸ್ವಾಮಿ ನೋಡಿ ನಗುತ್ತಾನೆ.
ಪುಷ್ಯದ ಒಂದು ನಡುರಾತ್ರಿ, ಹಲ್ಲು ಕಟಕಟ,
"ಅಣ್ಣ, ಹೊಟ್ಟು ಇನ್ನೂ ಐತೇನು?"
ಮೊದಲು ಕರಡಿ ಕೊಡುತ್ತೇನೆ,
ಆಮೇಲೆ ಹೊಟ್ಟು.

ತಾತ ಹೋದದ್ದು ಎಳ್ಳಮಾಸಿಯ ಚಳಿಯಲ್ಲಿ.
ಕುಣಿಗೆ ಇಳಿಸುವ ಮೊದಲು
ಮುತ್ತುಗದ ತರಗು ತಂದು ಸುರಿದೆ, ಎರಡು ಬುಟ್ಟಿ.
ಯಾಕೆಂದು ಯಾರೂ ಕೇಳಲಿಲ್ಲ.
ಇಳಿದು ನಿಂತು ನೋಡಿದೆ:
ಮೊಣಕಾಲಿಗೆ ನಾಲ್ಕು ಬೆರಳು ಕಮ್ಮಿ.